ಗ್ವಾಂಗ್ಜು 2019: ಲೆಡೆಕಿ ಬಿಟ್ಟ 1500, ಗೆದ್ದ 800

2019ರ ಜುಲೈ 23, ಮಂಗಳವಾರ. ದಕ್ಷಿಣ ಕೊರಿಯಾದ ಗ್ವಾಂಗ್ಜುನಲ್ಲಿ ವಿಶ್ವ ಈಜು ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ಬೆಳಿಗ್ಗೆ ಮಹಿಳೆಯರ 200 ಮೀಟರ್ ಫ್ರೀಸ್ಟೈಲ್ ಹೀಟ್ಸ್ (ಅರ್ಹತಾ ಸುತ್ತು) ಇತ್ತು, ಸಂಜೆ 1500 ಮೀಟರ್ ಫೈನಲ್. ಎರಡರಲ್ಲೂ ಕೇಟಿ ಲೆಡೆಕಿ ಈಜುವುದಿಲ್ಲ ಎಂದು ಅಮೆರಿಕ ತಂಡ ತಿಳಿಸಿತು. ಕಾರಣ, ಅನಾರೋಗ್ಯ.

ಹಿಂದಿನ ದಿನವಷ್ಟೇ ಅವರು 1500 ಹೀಟ್ಸ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಈಜಿದ್ದರು. ಆ ದೂರದ ವಿಶ್ವದಾಖಲೆಯೂ ಅವರದ್ದೇ. ಫೈನಲ್‌ನಲ್ಲಿ ಹೀಟ್ಸ್ ಮೊದಲಿಗರಿಗೆ ಸಿಗುವ ನಡುವಿನ ನಾಲ್ಕನೇ ಲೇನ್ ಅವರಿಗೆಂದೇ ಇತ್ತು. ಅಂಥ ಜಾಗವನ್ನು ಬಿಡುವುದು ಸಣ್ಣ ಮಾತಲ್ಲ.

ಆ ವಾರದ ಕಥೆ ಹೇಳುವವರು ಸಾಮಾನ್ಯವಾಗಿ ಶನಿವಾರದ 800 ಮೀಟರ್ ಫೈನಲ್‌ನ ಕೊನೆಯ 50 ಮೀಟರ್ ಬಗ್ಗೆ ಮಾತಾಡುತ್ತಾರೆ. ಅದು ನೋಡಲೇಬೇಕಾದ ಈಜು, ನಿಜ. ಆದರೆ ಆ ಚಿನ್ನ ಮಂಗಳವಾರ ಬೆಳಿಗ್ಗೆಯೇ ಅರ್ಧ ಗೆದ್ದಾಗಿತ್ತು ಎಂದು ನನ್ನ ಅನಿಸಿಕೆ. ಅದಕ್ಕೇ ಈ ವಾರವನ್ನು ದಿನದಿನವೂ ಬಿಡಿಸಿ ನೋಡಬೇಕು.

ಗ್ವಾಂಗ್ಜುಗೆ ಬರುವ ಮುಂಚೆ

ಲೆಡೆಕಿಗೆ ಆಗ 22 ವರ್ಷ. 15ನೇ ವಯಸ್ಸಿನಲ್ಲಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, 800 ಮೀಟರ್ ಚಿನ್ನ ಗೆದ್ದು ಹೆಸರಾದವರು. ನಂತರ 2013ರ ಬಾರ್ಸಿಲೋನಾ, 2015ರ ಕಜಾನ್, 2017ರ ಬುಡಾಪೆಸ್ಟ್. ಈ ಮೂರೂ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ 400, 800, 1500 ಮೂರನ್ನೂ ಗೆದ್ದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 200, 400, 800 ಗೆದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಅದಕ್ಕೆ ಮೊದಲು ಒಬ್ಬರೇ, 1968ರಲ್ಲಿ ಡೆಬ್ಬಿ ಮೇಯರ್.

ಅವರ ರೇಸ್‌ಗಳಿಗೆ ಒಂದು ಗೊತ್ತಾದ ರೀತಿ ಇತ್ತು. ಮೊದಲಿನಿಂದಲೇ ಮುಂದೆ ಹೋಗುವುದು, ಪ್ರತಿ ಉದ್ದಕ್ಕೂ (ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ, 50 ಮೀಟರ್) ಅಂತರ ಬೆಳೆಸುವುದು. 200 ಮೀಟರ್ ದಾಟುವಷ್ಟರಲ್ಲಿ ಉಳಿದವರು ಬೆಳ್ಳಿಗಾಗಿ ಈಜುತ್ತಿರುತ್ತಿದ್ದರು. ರಿಯೋದ 800 ಫೈನಲ್‌ನಲ್ಲಿ 8 ನಿಮಿಷ 4.79 ಸೆಕೆಂಡ್‌ನ ವಿಶ್ವದಾಖಲೆ ಮಾಡಿದಾಗ ಎರಡನೆಯವರು 11 ಸೆಕೆಂಡ್‌ಗೂ ಜಾಸ್ತಿ ಹಿಂದಿದ್ದರು.

ಇಂಥ ಗೆಲುವಿಗೆ ಇನ್ನೊಂದು ಮುಖವೂ ಇದೆ. ಯಾವಾಗಲೂ ಮುಂದೆ ಇರುವವರಿಗೆ ಪಕ್ಕದಲ್ಲೇ ಇನ್ನೊಬ್ಬರನ್ನು ಇಟ್ಟುಕೊಂಡು ಕೊನೆಯ ಉದ್ದ ಈಜುವ ಸಂದರ್ಭವೇ ಅಪರೂಪ. ಗ್ವಾಂಗ್ಜುನಲ್ಲಿ ಒಂದೇ ವಾರದಲ್ಲಿ ಅವರಿಗೆ ಎರಡು ಸಲ ಅದೇ ಪರೀಕ್ಷೆ ಬಂತು.

ಅವರು ಹಾಕಿಕೊಂಡಿದ್ದ ಕಾರ್ಯಕ್ರಮವನ್ನೂ ನೋಡಿ. 200, 400, 800, 1500, ಜೊತೆಗೆ ನಾಲ್ವರು ತಲಾ 200 ಮೀಟರ್ ಈಜುವ 4x200 ರಿಲೇ. 400, 800, 1500ಕ್ಕೆ ಸೆಮಿಫೈನಲ್ ಇಲ್ಲ. ಹೀಟ್ಸ್‌ನಲ್ಲಿ ಮೊದಲ ಎಂಟರಲ್ಲಿ ಬಂದವರು ನೇರ ಫೈನಲ್‌ಗೆ. 200ಕ್ಕೆ ಮಾತ್ರ ಹೀಟ್ಸ್, ಸೆಮಿಫೈನಲ್, ಫೈನಲ್ ಮೂರೂ ಇವೆ. ರಿಲೇ ಫೈನಲ್ ಒಂದನ್ನೇ ಹಿಡಿದರೂ ಎಲ್ಲಾ ಸೇರಿ 6,200 ಮೀಟರ್ ರೇಸ್ ಈಜು. ಇದರಲ್ಲಿ ವಾರ್ಮ್‌ಅಪ್, ರೇಸ್ ಆದಮೇಲಿನ ನಿಧಾನದ ಈಜು ಸೇರಿಲ್ಲ. ಇನ್ನೂ ಕಷ್ಟದ ವಿಷಯ ಅಂದ್ರೆ, 1500 ಫೈನಲ್ ಮತ್ತು 200 ಸೆಮಿಫೈನಲ್ ಒಂದೇ ಸಂಜೆ ಬರುತ್ತಿದ್ದವು. ಆರೋಗ್ಯ ಚೆನ್ನಾಗಿದ್ದರೆ ಲೆಡೆಕಿ ಇದನ್ನು ಮಾಡಬಲ್ಲರು. ಕಜಾನ್‌ನಲ್ಲಿ ಈ ಐದನ್ನೂ ಈಜಿ ಐದೂ ಚಿನ್ನ ತಂದವರು ಅವರು.

ಭಾನುವಾರ: 400 ಮೀಟರ್

ಜುಲೈ 21ರ ಸಂಜೆ ಮೊದಲ ಪೆಟ್ಟು ಬಿತ್ತು. 400 ಮೀಟರ್ ಫೈನಲ್‌ನಲ್ಲಿ ಕೊನೆಯ ಟರ್ನ್ (ಗೋಡೆ ಮುಟ್ಟಿ ತಿರುಗುವುದು) ತೆಗೆದುಕೊಂಡಾಗ ಲೆಡೆಕಿ 0.62 ಸೆಕೆಂಡ್ ಮುಂದಿದ್ದರು. ಹಿಂದೆ ಇದ್ದವರು ಆಸ್ಟ್ರೇಲಿಯಾದ ಅರಿಯಾರ್ನ್ ಟಿಟ್ಮಸ್. ವಯಸ್ಸು 18, ಟ್ಯಾಸ್ಮೇನಿಯಾದಲ್ಲಿ ಹುಟ್ಟಿದ ಹುಡುಗಿ.

ಕೊನೆಯ 50 ಮೀಟರನ್ನು ಟಿಟ್ಮಸ್ 29.51 ಸೆಕೆಂಡ್‌ನಲ್ಲಿ ಈಜಿದರು. ಲೆಡೆಕಿಗೆ 31.34 ಬೇಕಾಯಿತು. ಒಂದೇ ಉದ್ದದಲ್ಲಿ 1.83 ಸೆಕೆಂಡ್ ವ್ಯತ್ಯಾಸ! ಟಿಟ್ಮಸ್ 3 ನಿಮಿಷ 58.76 ಸೆಕೆಂಡ್‌ಗೆ ಗೋಡೆ ಮುಟ್ಟಿದರು. ಲೆಡೆಕಿ 3:59.97. ಅಮೆರಿಕದ ಲೀ ಸ್ಮಿತ್ 4:01.29ರಲ್ಲಿ ಮೂರನೆಯವರು.

400 ಅಥವಾ ಅದಕ್ಕಿಂತ ಉದ್ದದ ರೇಸ್‌ನಲ್ಲಿ, ದೊಡ್ಡ ಅಂತರರಾಷ್ಟ್ರೀಯ ಕೂಟದಲ್ಲಿ, ಲೆಡೆಕಿ ಸೋತದ್ದು ಅದೇ ಮೊದಲು. ಅದಕ್ಕೆ ಮುಂಚೆ ಅವರು ಸೋತಿದ್ದ ವೈಯಕ್ತಿಕ ಫೈನಲ್ ಅಂದ್ರೆ 2017ರ 200 ಮೀಟರ್. ಅಲ್ಲಿ ಗೆದ್ದವರು ಇಟಲಿಯ ಫೆಡೆರಿಕಾ ಪೆಲ್ಲೆಗ್ರಿನಿ.

ಸ್ಪ್ಲಿಟ್, ಅಂದ್ರೆ ಒಂದೊಂದು ಉದ್ದದ ಸಮಯ, ನೋಡಿದರೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. 31.34 ಎಂಬುದು ಲೆಡೆಕಿಯ ಕೊನೆಯ ಉದ್ದದ ವೇಗವಲ್ಲ. ಮೊದಲ 350 ಮೀಟರ್ ಚೆನ್ನಾಗಿಯೇ ಹೋಗಿ, ಆಮೇಲೆ ಕಾಲು ಕೈ ಎರಡೂ ಮಾತು ಕೇಳದೆ ಹೋದಾಗ ಬರುವ ಅಂಕಿ ಅದು. ಈಜುಗಾರರು ಇದನ್ನು 'ಸತ್ತು ಹೋಯ್ತು' ಅಂತಲೇ ಹೇಳುತ್ತಾರೆ.

ಹಾಗಂತ ಟಿಟ್ಮಸ್ ಗೆಲುವಿಗೆ ಅನಾರೋಗ್ಯವೇ ಕಾರಣ ಎಂದುಬಿಟ್ಟರೆ ತಪ್ಪು. ಎರಡು ವರ್ಷದ ನಂತರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಲೆಡೆಕಿ 400 ಮೀಟರನ್ನು 3:57.36ಕ್ಕೆ ಈಜಿದರು. ಗ್ವಾಂಗ್ಜುಗಿಂತ ಎರಡೂವರೆ ಸೆಕೆಂಡ್ ವೇಗ. ಆದರೂ ಟಿಟ್ಮಸ್ 3:56.69ಕ್ಕೆ ಬಂದು ಮತ್ತೆ ಗೆದ್ದರು. 2022ರಲ್ಲಿ ಲೆಡೆಕಿಯ ವಿಶ್ವದಾಖಲೆಯನ್ನೂ ಮುರಿದರು. ಅಂದ್ರೆ ಗ್ವಾಂಗ್ಜುನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಲೆಡೆಕಿ ಹುಷಾರಿರಲಿಲ್ಲ. ಜೊತೆಗೆ ಅವರಿಗೆ ಸರಿಸಮಾನವಾದ ಎದುರಾಳಿಯೊಬ್ಬರು ಅದೇ ಹೊತ್ತಿಗೆ ಬೆಳೆದು ನಿಂತಿದ್ದರು.

ಸೋಮವಾರ, ಮಂಗಳವಾರ: ಬಿಡುವ ನಿರ್ಧಾರ

ಸೋಮವಾರ ಬೆಳಿಗ್ಗೆ 1500 ಹೀಟ್ಸ್. ಲೆಡೆಕಿ 15 ನಿಮಿಷ 48.90 ಸೆಕೆಂಡ್‌ನಲ್ಲಿ ಮೊದಲಿಗರಾಗಿ ಮುಗಿಸಿದರು. 2018ರಲ್ಲಿ ಅವರು ಮಾಡಿದ್ದ ವಿಶ್ವದಾಖಲೆ 15:20.48. ಹೀಟ್ಸ್‌ನಲ್ಲಿ ಯಾರೂ ಪೂರ್ತಿ ಜೋರು ಮಾಡುವುದಿಲ್ಲ, ಹಾಗಾಗಿ ಆ 28 ಸೆಕೆಂಡ್ ಅಂತರವನ್ನು ಅನಾರೋಗ್ಯದ ಲೆಕ್ಕಕ್ಕೆ ಹಾಕಬಾರದು.

ಆಮೇಲೆ ಹೊರಬಂದ ವಿವರಗಳು ಹೆಚ್ಚು ಮಾತಾಡುತ್ತವೆ. ಸಿಂಗಪುರದ ತರಬೇತಿ ಶಿಬಿರ ಮುಗಿಸಿ ಜುಲೈ 17ರಂದು ಗ್ವಾಂಗ್ಜುಗೆ ಬಂದಾಗಿನಿಂದಲೇ ಅವರಿಗೆ ಹುಷಾರಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ತಲೆನೋವು. ಊಟ ಸೇರುತ್ತಿರಲಿಲ್ಲ. ಸುಮ್ನೆ ಕೂತಿದ್ದಾಗಲೂ ಎದೆಬಡಿತ ಮಾಮೂಲಿಗಿಂತ ಜಾಸ್ತಿ. ಸೋಮವಾರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಪರೀಕ್ಷೆಗಳಾದವು.

ದೂರದ ಈಜುಗಾರರಿಗೆ ಇವು ಯಾಕೆ ಇಷ್ಟು ದೊಡ್ಡ ವಿಷಯ? 50 ಮೀಟರ್ ರೇಸ್‌ನಲ್ಲಿ ಕೆಲಸ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಸ್ವಲ್ಪ ಜ್ವರ ಇದ್ದರೂ ಹೇಗೋ ದಾಟಿಬಿಡಬಹುದು. 800, 1500 ಹಾಗಲ್ಲ. ಎಂಟು ನಿಮಿಷ, ಹದಿನೈದೂವರೆ ನಿಮಿಷ ಒಂದೇ ಸಮನೆ ಸ್ನಾಯುಗಳಿಗೆ ಆಮ್ಲಜನಕ ಸಿಗಬೇಕು. ಅದನ್ನು ತಲುಪಿಸುವುದು ಹೃದಯ. ಉರಿಸಲು ಬೇಕಾದ ಸಕ್ಕರೆಯ ದಾಸ್ತಾನು ಸ್ನಾಯುವಿನಲ್ಲೇ ಇರಬೇಕು. ಊಟ ಸೇರದೆ ಇದ್ದರೆ ಆ ದಾಸ್ತಾನು ತುಂಬುವುದಿಲ್ಲ. ನಿದ್ದೆ ಇಲ್ಲದಿದ್ದರೆ ನಿನ್ನೆಯ ರೇಸ್‌ನ ದಣಿವು ಇವತ್ತಿಗೂ ಉಳಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೇ ಎದೆಬಡಿತ ಏರಿದ್ದರೆ ದೇಹ ಆಗಲೇ ಬೇರೆ ಕೆಲಸದಲ್ಲಿ ತೊಡಗಿದೆ ಅಂತ ಅರ್ಥ. ಅದಕ್ಕೇ ಅನೇಕ ತರಬೇತುದಾರರು ಬೆಳಿಗ್ಗೆ ಎದ್ದ ತಕ್ಷಣದ ಎದೆಬಡಿತವನ್ನು ಬರೆದಿಡಿಸುತ್ತಾರೆ.

ಮಂಗಳವಾರ ಬೆಳಿಗ್ಗೆ ತಂಡದ ಮುಂದೆ ಇದ್ದ ದಾರಿಗಳನ್ನು ನಾನು ಹೀಗೆ ನೋಡುತ್ತೇನೆ.

ಎಲ್ಲವನ್ನೂ ಈಜಬಹುದಿತ್ತು. ಬೆಳಿಗ್ಗೆ 200 ಹೀಟ್ಸ್, ಸಂಜೆ 1500 ಫೈನಲ್, ಅದೇ ಸಂಜೆ 200 ಸೆಮಿಫೈನಲ್. ಭಾನುವಾರದ ಕೊನೆಯ 50 ಮೀಟರ್ ನೋಡಿದವರು ಯಾರೂ ಇದಕ್ಕೆ ಒಪ್ಪುತ್ತಿರಲಿಲ್ಲ.

200 ಬಿಟ್ಟು 1500 ಮಾತ್ರ ಈಜಬಹುದಿತ್ತು. ಇದೇ ಹೆಚ್ಚು ಆಸೆ ಹುಟ್ಟಿಸುವ ದಾರಿ. ಆ ರೇಸ್‌ನಲ್ಲಿ ಅವರ ಉತ್ತಮ ಸಮಯಕ್ಕೂ ಉಳಿದವರದ್ದಕ್ಕೂ ಇದ್ದ ಅಂತರ ಅಷ್ಟಿತ್ತು. ಅರ್ಧ ಹುಷಾರಿದ್ದರೂ ಗೆಲ್ಲಬಹುದೇನೋ ಎಂಬ ಯೋಚನೆ ಯಾರಿಗಾದರೂ ಬರುತ್ತದೆ, ಅಲ್ವಾ? ಆದರೆ 30 ಉದ್ದ, 29 ಟರ್ನ್. ಆರೋಗ್ಯ ಕೆಟ್ಟಾಗ ಅದನ್ನು ಪೂರ್ತಿ ಜೋರಾಗಿ ಈಜಿದರೆ ಉಳಿದ ವಾರವೂ ಕೈಬಿಟ್ಟು ಹೋಗುವ ಅಪಾಯ.

ಎಲ್ಲವನ್ನೂ ಬಿಟ್ಟು ಮನೆಗೆ ಹೋಗಬಹುದಿತ್ತು. ಇದಕ್ಕೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಅವರು ಆರಿಸಿಕೊಂಡದ್ದು ನಡುವಿನ ದಾರಿ. 1500 ಫೈನಲ್ ಮತ್ತು 200 ಪೂರ್ತಿ ಬಿಡುವುದು. ರಿಲೇ ಮತ್ತು 800ಕ್ಕೆ ಬಾಗಿಲು ತೆರೆದಿಡುವುದು. 1500 ಫೈನಲ್‌ನ 1,500 ಮೀಟರ್, 200ರ ಮೂರು ಸುತ್ತಿನ 600 ಮೀಟರ್. ಒಟ್ಟು 2,100 ಮೀಟರ್ ರೇಸ್ ಕಡಿಮೆಯಾಯಿತು. ಮೀಟರ್‌ಗಿಂತ ಬೆಲೆಬಾಳುವ ಇನ್ನೊಂದು ಲಾಭವೂ ಸಿಕ್ಕಿತು. ಸೋಮವಾರ ಮಧ್ಯಾಹ್ನದಿಂದ ಗುರುವಾರ ಸಂಜೆಯವರೆಗೆ ಮೂರು ದಿನ ರೇಸ್ ಇಲ್ಲ.

ಈ ನಿರ್ಧಾರದ ಬೆಲೆಯನ್ನೂ ಹೇಳಬೇಕು. 1500ರಲ್ಲಿ ಸತತ ನಾಲ್ಕನೇ ವಿಶ್ವ ಪ್ರಶಸ್ತಿಯ ಅವಕಾಶ ಅಲ್ಲಿಗೇ ಮುಗಿಯಿತು. 400ರಲ್ಲಿ ಆಗಲೇ ತಪ್ಪಿತ್ತು. ಇನ್ನು ಉಳಿದದ್ದು 800 ಒಂದೇ.

1500ರ ಚಿನ್ನ ಯಾರ ದಯೆಯೂ ಅಲ್ಲ

ಮಂಗಳವಾರ ಸಂಜೆ 1500 ಫೈನಲ್ ಗೆದ್ದವರು ಇಟಲಿಯ ಸಿಮೋನಾ ಕ್ವಾಡರೆಲ್ಲಾ. ರೋಮ್‌ನವರು, ಆಗ 20 ವರ್ಷ. ಸಮಯ 15:40.89, ಇಟಲಿಯ ಹೊಸ ದಾಖಲೆ. ಜರ್ಮನಿಯ ಸಾರಾ ಕೋಹ್ಲರ್ 15:48.83ರಲ್ಲಿ ಬೆಳ್ಳಿ, ಚೀನಾದ ವಾಂಗ್ ಜಿಯಾಂಜಿಯಾಹೆ 15:51.00ರಲ್ಲಿ ಕಂಚು.

'ಲೆಡೆಕಿ ಇರಲಿಲ್ಲ, ಅದಕ್ಕೆ ಗೆದ್ದರು' ಎಂಬ ಮಾತು ಆಗ ಬಂತು, ಈಗಲೂ ಬರುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕ್ವಾಡರೆಲ್ಲಾ ಸುಮ್ನೆ ಸಿಕ್ಕ ಜಾಗದಲ್ಲಿ ನಿಂತವರಲ್ಲ. 2017ರಲ್ಲಿ ಇದೇ ರೇಸ್‌ನಲ್ಲಿ ಕಂಚು ಗೆದ್ದಿದ್ದರು. 2018ರ ಗ್ಲಾಸ್ಗೋ ಯುರೋಪಿಯನ್ ಕೂಟದಲ್ಲಿ 400, 800, 1500 ಮೂರನ್ನೂ ಗೆದ್ದಿದ್ದರು. ಗ್ವಾಂಗ್ಜುನಲ್ಲಿ ಎರಡನೆಯವರಿಗಿಂತ ಸುಮಾರು ಎಂಟು ಸೆಕೆಂಡ್ ಮುಂದೆ ಬಂದು, ತಮ್ಮ ದೇಶದ ದಾಖಲೆ ಬರೆದರು. ಆ ದಿನ ನೀರಿಗೆ ಇಳಿದವರ ಜೊತೆ ತಾನೇ ಅವರು ಸ್ಪರ್ಧಿಸಬೇಕಿದ್ದುದು? ಆರೋಗ್ಯ ಕಾಪಾಡಿಕೊಂಡು ಆ ಸಂಜೆಗೆ ಸಿದ್ಧವಾಗಿ ಬರುವುದೂ ಈ ಆಟದ ಭಾಗವೇ. ಶನಿವಾರ 800ರಲ್ಲಿ ಅವರು ಲೆಡೆಕಿಯ ಪಕ್ಕದಲ್ಲೇ ಈಜಿ ಈ ಮಾತಿಗೆ ಉತ್ತರವನ್ನೂ ಕೊಟ್ಟರು.

ಗುರುವಾರ: ರಿಲೇ

ಜುಲೈ 25ರ 4x200 ರಿಲೇ ಫೈನಲ್‌ನಲ್ಲಿ ಲೆಡೆಕಿ ಎರಡನೆಯವರಾಗಿ ಹಾರಿದರು. ಮೊದಲ ಸರದಿಯಲ್ಲಿ ಟಿಟ್ಮಸ್ ಆಸ್ಟ್ರೇಲಿಯಾಕ್ಕೆ 1:54.27 ಈಜಿದ್ದರು, ಅಮೆರಿಕದ ಸಿಮೋನ್ ಮ್ಯಾನುಯೆಲ್ 1:56.09. ಅಂದ್ರೆ ಲೆಡೆಕಿ ನೀರಿಗೆ ಬಿದ್ದಾಗ ಅಮೆರಿಕ 1.82 ಸೆಕೆಂಡ್ ಹಿಂದಿತ್ತು. ಲೆಡೆಕಿ 1:54.61 ಈಜಿ, ಅಮೆರಿಕವನ್ನು 0.30 ಸೆಕೆಂಡ್ ಮುಂದೆ ತಂದು ಬಿಟ್ಟರು. ಕೊನೆಗೆ ಆಸ್ಟ್ರೇಲಿಯಾ 7:41.50ರ ವಿಶ್ವದಾಖಲೆಯೊಂದಿಗೆ ಗೆದ್ದಿತು. ಅಮೆರಿಕ 7:41.87.

ಬೆಳ್ಳಿ ಬಂತು ಎಂಬುದಕ್ಕಿಂತ ಆ 1:54.61 ನನಗೆ ಮುಖ್ಯ. ಮೂರು ದಿನದ ವಿಶ್ರಾಂತಿ ಕೆಲಸ ಮಾಡಿದೆ ಎಂದು ಹೇಳುವ ಮೊದಲ ಅಂಕಿ ಅದು. 800ಕ್ಕೆ ನೇರವಾಗಿ ಧುಮುಕುವ ಬದಲು, ಎರಡು ನಿಮಿಷದೊಳಗಿನ ಈಜಿನಲ್ಲಿ ದೇಹ ಹೇಗಿದೆ ಎಂದು ನೋಡಿಕೊಳ್ಳಲು ಸಿಕ್ಕಿದ್ದು ಒಳ್ಳೆಯದೇ ಆಯಿತು. ಮರುದಿನ ಬೆಳಿಗ್ಗೆ 800 ಹೀಟ್ಸ್ ಈಜಿ ಫೈನಲ್‌ಗೆ ಬಂದರು.

ಶನಿವಾರ: 800 ಮೀಟರ್

ಜುಲೈ 27ರ ಸಂಜೆ. 16 ಉದ್ದ. ಲೆಡೆಕಿ, ಕ್ವಾಡರೆಲ್ಲಾ, ಟಿಟ್ಮಸ್. ವಾರವಿಡೀ ಬೇರೆ ಬೇರೆ ರೇಸ್ ಗೆದ್ದ ಇಬ್ಬರೂ ಈಗ ಲೆಡೆಕಿಯ ಎದುರು ಒಟ್ಟಿಗೆ ನಿಂತಿದ್ದರು.

ಲೆಡೆಕಿ ಎಂದಿನಂತೆ ಮುಂದೆ ಹೋದರು. ಆದರೆ ಎಂದಿನ ಅಂತರ ಬೆಳೆಯಲಿಲ್ಲ. ಕ್ವಾಡರೆಲ್ಲಾ ಅವಸರ ಮಾಡದೆ ಒಂದೇ ಲಯದಲ್ಲಿ ಹತ್ತಿರ ಬಂದರು, ಆಮೇಲೆ ದಾಟಿಯೂ ಹೋದರು. ಈ ದೂರದಲ್ಲಿ ಯಾರೋ ಒಬ್ಬರು ಲೆಡೆಕಿಯನ್ನು ಹಿಂದೆ ಹಾಕುವುದನ್ನು ನೋಡುವುದೇ ಹೊಸ ಅನುಭವ.

ದೂರದ ರೇಸ್‌ಗಳಲ್ಲಿ ಟರ್ನ್ ಆಗುವ ತುದಿಯಲ್ಲಿ ಇನ್ನೆಷ್ಟು ಉದ್ದ ಬಾಕಿ ಎಂದು ತೋರಿಸುವ ಫಲಕ ಹಿಡಿಯುತ್ತಾರೆ. ಕೊನೆಯ ಎರಡು ಉದ್ದ ಉಳಿದಾಗ ಗಂಟೆಯಂಥ ಸೂಚನೆ ಕೊಡುತ್ತಾರೆ. ತಲೆ ನೀರಲ್ಲಿ ಇರುವವರಿಗೆ ಪಕ್ಕದ ಲೇನ್‌ನವರು ಎಲ್ಲಿದ್ದಾರೆ ಅಂತ ಗೊತ್ತಾಗುವುದು ಉಸಿರು ತೆಗೆದುಕೊಳ್ಳುವಾಗ, ಇಲ್ಲವೇ ಟರ್ನ್‌ನಲ್ಲಿ. ಕೊನೆಯ ಉದ್ದಕ್ಕೆ ತಿರುಗಿದಾಗ ಲೆಡೆಕಿ ಮುಂದಿರಲಿಲ್ಲ.

ಭಾನುವಾರ ಇದೇ ಜಾಗದಲ್ಲಿ ಅವರು ಮುಂದಿದ್ದು ಸೋತಿದ್ದರು. ಶನಿವಾರ ಹಿಂದಿದ್ದು ಗೆದ್ದರು.

ಕೊನೆಯ 50 ಮೀಟರ್ 29.19 ಸೆಕೆಂಡ್. ಇಡೀ ರೇಸ್‌ನ ಸರಾಸರಿ ಒಂದು ಉದ್ದಕ್ಕೆ ಸುಮಾರು 30.85. ಅಂದ್ರೆ 750 ಮೀಟರ್ ಈಜಿದ ಮೇಲೂ ಸರಾಸರಿಗಿಂತ ಒಂದೂವರೆ ಸೆಕೆಂಡ್‌ಗೂ ಜಾಸ್ತಿ ವೇಗ. ಭಾನುವಾರದ 31.34ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅದು 400ರ ಕೊನೆ, ಇದು ಅದರ ಎರಡರಷ್ಟು ದೂರದ ಕೊನೆ. ಆದರೂ ಎರಡು ಸೆಕೆಂಡ್‌ಗೂ ಜಾಸ್ತಿ ವೇಗ! ಅದೇ ಈಜುಗಾರ್ತಿ, ನಡುವೆ ಆರು ದಿನ.

ಈ ಕೊನೆಯ ಓಟ ಹೇಗೆ ಸಾಧ್ಯ? ದೂರದ ರೇಸ್‌ನಲ್ಲಿ ಹೆಚ್ಚಿನವರು ಕಾಲನ್ನು ಉಳಿಸಿಕೊಳ್ಳುತ್ತಾರೆ. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ಜೋರಾಗಿ ಎಳೆಯುತ್ತವೆ, ಆದರೆ ಅದಕ್ಕೆ ತಕ್ಕಷ್ಟು ಮುಂದೂಡುವುದಿಲ್ಲ. ಹಾಗಾಗಿ ನಡುವೆ ಕಿಕ್ (ಕಾಲಿನ ಬಡಿತ) ಕಡಿಮೆ ಮಾಡಿ, ಕೈಯ ಎಳೆತದ ಮೇಲೆ ಸಾಗಿ, ಕೊನೆಗೆ ಕಾಲು ಸೇರಿಸುತ್ತಾರೆ. ಉಳಿಸಿಕೊಂಡದ್ದು ಇದ್ದರೆ ಮಾತ್ರ ಸೇರಿಸಲು ಸಾಧ್ಯ. ಮಂಗಳವಾರ 1500 ಫೈನಲ್ ಈಜಿದ್ದರೆ ಈ 29.19 ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಇದು ನನ್ನ ಓದು. ಆದರೆ ಎರಡು ಕೊನೆಯ ಉದ್ದಗಳ ಅಂಕಿಗಳು ನನ್ನ ಪರವಾಗಿವೆ.

ಫಲಿತಾಂಶ: ಲೆಡೆಕಿ 8:13.58, ಕ್ವಾಡರೆಲ್ಲಾ 8:14.99, ಟಿಟ್ಮಸ್ 8:15.70. ಮೂವರ ನಡುವೆ ಒಟ್ಟು 2.12 ಸೆಕೆಂಡ್. ಲೆಡೆಕಿಯ ಅಳತೆಯಲ್ಲಿ ಇದು ನಿಧಾನದ ಸಮಯ, ವಿಶ್ವದಾಖಲೆಗಿಂತ ಸುಮಾರು ಒಂಬತ್ತು ಸೆಕೆಂಡ್ ಹಿಂದೆ. ಲಂಡನ್‌ನಲ್ಲಿ 15ರ ವಯಸ್ಸಲ್ಲಿ ಈಜಿದ್ದ 8:14.63ಕ್ಕಿಂತ ಒಂದು ಸೆಕೆಂಡ್ ಮಾತ್ರ ವೇಗ. ಆದರೂ ಅವರ 800 ಗೆಲುವುಗಳಲ್ಲಿ ನಾನು ಮೊದಲು ಹೆಸರಿಸುವುದು ಇದನ್ನೇ. ರಿಯೋದಲ್ಲಿ ಅವರ ಹತ್ತಿರ ಯಾರೂ ಇರಲಿಲ್ಲ. ಇಲ್ಲಿ ಇಬ್ಬರಿದ್ದರು, ದೇಹ ಪೂರ್ತಿ ಜೊತೆಗಿರಲಿಲ್ಲ, ಮುಂದೆ ಹೋಗಿ ಗೆಲ್ಲುವ ರೂಢಿಯ ದಾರಿ ನಡುವೆಯೇ ಮುಚ್ಚಿಹೋಗಿತ್ತು.

ಕ್ವಾಡರೆಲ್ಲಾ ಈ ರೇಸನ್ನು ಹೇಗೆ ಈಜಿದರು ಎಂಬುದಕ್ಕೂ ಮೆಚ್ಚುಗೆ ಸಲ್ಲಬೇಕು. ವಿಶ್ವದಾಖಲೆ ಇರುವವರನ್ನು ದಾಟಿ ಮುಂದೆ ಹೋಗುವ ಧೈರ್ಯ ತೋರಿಸಿದರು. ಇಲ್ಲೂ ಇಟಲಿಯ ದಾಖಲೆ ಬರೆದರು. ಟಿಟ್ಮಸ್ ಅಷ್ಟೊತ್ತಿಗೆ 400 ಚಿನ್ನ, 200 ಬೆಳ್ಳಿ, ರಿಲೇ ಚಿನ್ನ ಗೆದ್ದು, ಒಂದು ದಿನ ಮುಂಚೆ 800 ಹೀಟ್ಸ್ ಈಜಿ ಬಂದಿದ್ದರು. ಆ ಭಾರ ಹೊತ್ತು 8:15.70 ಈಜಿದ್ದು ಸಾಮಾನ್ಯವಲ್ಲ.

ಆಮೇಲೆ ಬದಲಾದದ್ದು

ಗ್ವಾಂಗ್ಜುನಲ್ಲಿ ಅನಿವಾರ್ಯವಾಗಿ ಬಿಟ್ಟದ್ದನ್ನು ಮುಂದೆ ಲೆಡೆಕಿ ಯೋಚಿಸಿಯೇ ಬಿಟ್ಟರು. ಟೋಕಿಯೋದಲ್ಲಿ ಒಮ್ಮೆ ಎಲ್ಲವನ್ನೂ ಈಜಿ ನೋಡಿದರು. ಮಹಿಳೆಯರ 1500 ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು ಅಲ್ಲೇ. 200 ಮತ್ತು 1500 ಎರಡರ ಫೈನಲ್ ಒಂದೇ ದಿನ ಬೆಳಿಗ್ಗೆ ಇದ್ದವು. 200ರಲ್ಲಿ ಐದನೆಯವರಾದರು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ನೀರಿಗಿಳಿದು 1500ರಲ್ಲಿ 15:37.34ಕ್ಕೆ ಚಿನ್ನ ಗೆದ್ದರು. 800ರಲ್ಲಿ ಅದೇ ಮೂವರು ಪದಕ ಗೆದ್ದರು, ಆದರೆ ಕ್ರಮ ಬೇರೆ: ಲೆಡೆಕಿ, ಟಿಟ್ಮಸ್, ಕ್ವಾಡರೆಲ್ಲಾ.

2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ಗೆ ಬಂದಾಗ ಅವರ ಪಟ್ಟಿಯಲ್ಲಿ ವೈಯಕ್ತಿಕ 200 ಇರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಅರ್ಹತೆ ಇದ್ದರೂ ಅದನ್ನು ಬಿಟ್ಟು, 200 ಮೀಟರನ್ನು ರಿಲೇಯಲ್ಲಿ ಮಾತ್ರ ಈಜಿದರು. ಬಿಟ್ಟ ಮೇಲೆ 800, 1500 ಎಷ್ಟು ಗಟ್ಟಿಯಾದವು ಎಂಬುದನ್ನು ಫಲಿತಾಂಶಗಳಲ್ಲೇ ನೋಡಬಹುದು. 2022ರಲ್ಲಿ ಎರಡೂ ಚಿನ್ನ, 2023ರ ಫುಕುವೋಕಾದಲ್ಲಿ ಎರಡೂ ಚಿನ್ನ, ಪ್ಯಾರಿಸ್‌ನಲ್ಲಿ ಎರಡೂ ಚಿನ್ನ.

ಕ್ವಾಡರೆಲ್ಲಾ ಕೂಡ ನಿಲ್ಲಲಿಲ್ಲ. 2024ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 800, 1500 ಎರಡನ್ನೂ ಗೆದ್ದರು. 2025ರ ಸಿಂಗಪುರದಲ್ಲಿ 1500 ಮೀಟರನ್ನು 15:31.79ಕ್ಕೆ ಈಜಿ, ಲೆಡೆಕಿಯ ಹಿಂದೆ ಬೆಳ್ಳಿ ಗೆದ್ದರು. ಗ್ವಾಂಗ್ಜುನ ಚಿನ್ನದ ಸಮಯಕ್ಕಿಂತ ಒಂಬತ್ತು ಸೆಕೆಂಡ್ ವೇಗ. ಅದೇ ಕೂಟದಲ್ಲಿ 28ರ ಲೆಡೆಕಿ 800 ಮೀಟರನ್ನು 8:05.62ರಲ್ಲಿ ಮುಗಿಸಿ ಏಳನೇ ಸಲ ವಿಶ್ವ ಚಾಂಪಿಯನ್ ಆದರು. ಎರಡನೆಯವರಾದ ಆಸ್ಟ್ರೇಲಿಯಾದ ಲಾನಿ ಪಾಲಿಸ್ಟರ್ 0.36 ಸೆಕೆಂಡ್ ಹಿಂದಿದ್ದರು. ಆ ರೇಸ್ ಕೂಡ ಕೊನೆಯ ಉದ್ದದವರೆಗೂ ತೀರ್ಮಾನವಾಗಿರಲಿಲ್ಲ.